ಹೊಲ ಹಿಡಿಯುವ ಮುನ್ನ: ಬಳ್ಳಾರಿ ಸೀಮೆಯ ಗುತ್ತಿಗೆ ಕಲಿಸಿದ ಪಾಠ



ಬಳ್ಳಾರಿ ನಗರದಿಂದ ಕೆಲವೇ ಕಿಲೋಮೀಟರು ದೂರದಲ್ಲಿರುವ ಸಂಗನಕಲ್ಲಿನ ಹೆಸರನ್ನು ನೀವು ಇತಿಹಾಸದ ಪಾಠದಲ್ಲಿ ಓದಿರುತ್ತೀರಿ. ನವಶಿಲಾಯುಗದ ಜನ ಇಲ್ಲಿನ ಗುಡ್ಡಗಳ ಮೇಲೆ ವಾಸವಾಗಿದ್ದರು. ಹಿರೇಗುಡ್ಡದಲ್ಲಿ ಅವರು ಕಲ್ಲುಕೊಡಲಿಗಳನ್ನು ರಾಶಿರಾಶಿಯಾಗಿ ತಯಾರಿಸುತ್ತಿದ್ದರು. ಅವಕಾಶ ಸಿಕ್ಕರೆ ಒಮ್ಮೆ ಅಲ್ಲಿಗೆ ಹೋಗಿ, ಗುಡ್ಡ ಹತ್ತಿ ನಿಂತು ನೋಡಿ. ಕಾಲಡಿಯಲ್ಲಿ ಕೆಂಪು ಬಂಡೆ, ಕಣ್ಣು ಹಾಯುವಷ್ಟು ದೂರ ಕಪ್ಪು ಎರೆಯ ಬಯಲು. ಆ ಬಂಡೆ ಮತ್ತು ಆ ಎರೆ, ಈ ಎರಡರ ನಡುವೆ ಐದು ಸಾವಿರ ವರ್ಷಗಳ ಬೇಸಾಯದ ಕಥೆಯಿದೆ.

ಇಲ್ಲಿ ಅಗೆದು ನೋಡಿದ ಪುರಾತತ್ವಜ್ಞರಿಗೆ ಕೊಡಲಿ, ಮಡಕೆಗಳ ಜೊತೆಗೆ ಸುಟ್ಟು ಕರಿಕಾದ ಕಾಳುಗಳೂ ಸಿಕ್ಕಿವೆ. ಅವು ಯಾವುವು ಗೊತ್ತೇ? ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯ. ನಮ್ಮ ಮನೆಗಳಲ್ಲಿ ಇಂದಿಗೂ ಇರುವ ಕಾಳುಗಳೇ. ಇವೆಲ್ಲ ಕಡಿಮೆ ಮಳೆಗೂ ಕೈಗೆ ಬರುವ ಬೆಳೆಗಳು ಎಂಬುದನ್ನು ಗಮನಿಸಿ. ಅಂದರೆ ಸಂಗನಕಲ್ಲಿನ ಮೊದಲ ರೈತನಿಗೆ ಒಂದು ವಿಷಯ ಚೆನ್ನಾಗಿ ತಿಳಿದಿತ್ತು: ಈ ನೆಲದಲ್ಲಿ ಮಳೆಯನ್ನು ನಂಬಿ ಲೆಕ್ಕ ಹಾಕಬಾರದು, ಮಳೆ ಬಾರದೆ ಹೋದರೂ ಉಳಿಯುವಂತೆ ಲೆಕ್ಕ ಹಾಕಬೇಕು.

ಆ ರೈತ ಯಾರಿಗೂ ಗುತ್ತಿಗೆ ಹಣ ಕಟ್ಟಬೇಕಾಗಿದ್ದಿಲ್ಲವೇನೋ. ಮುಂದೆ ರಾಜ್ಯಗಳು ಬಂದವು, ನೆಲಕ್ಕೆ ಒಡೆಯರು ಬಂದರು. "ಈ ಹೊಲ ಹಿಡಿ, ವರ್ಷಕ್ಕೆ ಇಷ್ಟು ಕೊಡು" ಎಂಬ ಮಾತು ಹುಟ್ಟಿತು. ಬಿತ್ತುವ ಮೊದಲೇ, ಮೋಡ ಕಾಣುವ ಮೊದಲೇ, "ಇಷ್ಟು" ಎಂದು ಒಪ್ಪಿಕೊಳ್ಳಬೇಕು. ಆ "ಇಷ್ಟು" ಎಷ್ಟಿರಬೇಕು? ಮುಂದಿನ ವರ್ಷ ಹೇಗಿರುತ್ತದೆಂದು ಯಾರಿಗೂ ತಿಳಿಯದಿರುವಾಗ, ಬಾಡಿಗೆಗೆ ಹಿಡಿಯುವ ಆಸ್ತಿಯ ಬೆಲೆ ಕಟ್ಟುವುದು ಹೇಗೆ? ಸುಮಾರು ಇನ್ನೂರು ವರ್ಷಗಳ ಹಿಂದೆ ಬಳ್ಳಾರಿ ಸೀಮೆಯ ಹಳ್ಳಿಹಳ್ಳಿಯಲ್ಲೂ ಈ ಪ್ರಶ್ನೆ ಎದ್ದಿತು. ಅದಕ್ಕೆ ತಪ್ಪು ಉತ್ತರ ಕೊಟ್ಟದ್ದರಿಂದ ಎಷ್ಟೋ ಮನೆತನಗಳು ಹಾಳಾದವು. ಆ ಕಥೆಯನ್ನು ಇಂದು ನೋಡೋಣ.

ಕಂಪನಿಯ ಕೈಗೆ ಬಂದ ಸೀಮೆ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದ ಮೇಲೆ ಅವನ ರಾಜ್ಯ ಹಂಚಿಹೋಯಿತು. ಬಳ್ಳಾರಿ, ಅನಂತಪುರ, ಕಡಪ ಮೊದಲಾದ ಪ್ರದೇಶಗಳು ಮೊದಲು ಹೈದರಾಬಾದಿನ ನಿಜಾಮನಿಗೆ ಸೇರಿದ್ದವು. ತನ್ನ ರಕ್ಷಣೆಗೆ ಇರಿಸಿಕೊಂಡ ಇಂಗ್ಲಿಷ್ ಸೈನ್ಯದ ವೆಚ್ಚಕ್ಕಾಗಿ 1800ರ ಅಕ್ಟೋಬರಿನಲ್ಲಿ ನಿಜಾಮ ಈ ಪ್ರದೇಶಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಹೀಗೆ ಬಿಟ್ಟುಕೊಟ್ಟ ಸೀಮೆಗೆ "ದತ್ತ ಮಂಡಲ" ಎಂಬ ಹೆಸರು ಬಂತು.

ಈ ಸೀಮೆಯ ಮುಖ್ಯ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1761ರಲ್ಲಿ ಹುಟ್ಟಿ, 1780ರಲ್ಲಿ ಸೈನಿಕನಾಗಿ ಮದರಾಸಿಗೆ ಬಂದಿದ್ದ. ಬಾರಾಮಹಲಿನಲ್ಲಿ ಅಲೆಗ್ಸಾಂಡರ್ ರೀಡ್ ಎಂಬ ಅಧಿಕಾರಿಯ ಕೈಕೆಳಗೆ ಕಂದಾಯದ ಕೆಲಸ ಕಲಿತಿದ್ದ. ಅಲ್ಲಿಂದ ಸ್ವಲ್ಪ ಕಾಲ ನಮ್ಮ ಕನ್ನಡ ಜಿಲ್ಲೆಯಲ್ಲಿದ್ದು, ಆಮೇಲೆ ಇಲ್ಲಿಗೆ ಬಂದ. ಅವನು ಬಂದಾಗ ಸೀಮೆಯಲ್ಲಿ ಪಾಳೆಯಗಾರರ ಹಾವಳಿ. ಊರುಗಳು ಪಾಳುಬಿದ್ದಿದ್ದವು. ಯಾವ ಹೊಲ ಎಷ್ಟಿದೆ, ಎಷ್ಟು ಬೆಳೆಯುತ್ತದೆ ಎಂಬುದು ಸರ್ಕಾರಕ್ಕೆ ಸರಿಯಾಗಿ ತಿಳಿದಿರಲಿಲ್ಲ. ತಿಳಿದಿದ್ದವರು ಊರಿನ ಗೌಡ, ಕರಣಂ ಮತ್ತು ರೈತರು. ಅವರು ಹೇಳಬೇಕಲ್ಲ?

ಮೂವತ್ಮೂರು ಅಡಿಯ ಸರಪಳಿ

1802ರಲ್ಲಿ ಮನ್ರೋ ಭೂಮಿಯ ಅಳತೆ ಆರಂಭಿಸಿದ. ಅಳೆಯುವವರ ಕೈಯಲ್ಲಿ 33 ಅಡಿ ಉದ್ದದ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕ ಎಂದರೆ 1,089 ಚದರ ಅಡಿ. ಅಂಥ ನಲವತ್ತು ಚೌಕಗಳು ಸೇರಿದರೆ ಒಂದು ಎಕರೆ. ನಿಮ್ಮ ಮನೆಯಲ್ಲಿ ಹೊಲದ ಪಹಣಿ ಇದ್ದರೆ ತೆಗೆದು ನೋಡಿ. ಅದರಲ್ಲಿ "ಎಕರೆ, ಗುಂಟೆ" ಎಂದಿರುತ್ತದೆ. ನಾವು ಇಂದು ಗುಂಟೆ ಎನ್ನುವುದು ಇದೇ ಅಳತೆಯನ್ನು.

ಗುಡ್ಡ, ಬಂಡೆಗಳನ್ನು ಬಿಟ್ಟು ಉಳಿದ ನೆಲವನ್ನೆಲ್ಲ ಅಳೆದರು. ಅಳತೆಯವರ ಹಿಂದೆ ತರಗತಿ ಗೊತ್ತುಮಾಡುವವರು ಬಂದರು. ಅವರು ಗೌಡ, ಕರಣಂ, ರೈತರನ್ನು ಕರೆದುಕೊಂಡು ಹೊಲದಿಂದ ಹೊಲಕ್ಕೆ ನಡೆದರು. ಇದು ಎರೆಯೋ, ಮಸಾರಿಯೋ? ಒಣ ಬೇಸಾಯವೋ, ಕೆರೆಯ ನೀರೋ, ಬಾವಿಯ ತೋಟವೋ? ಹೀಗೆ ಪ್ರತಿ ಹೊಲಕ್ಕೂ ಒಂದು ತರಗತಿ. 1812ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಒಪ್ಪಿಸಿದ "ಐದನೆಯ ವರದಿ"ಯಲ್ಲಿ ಈ ಕೆಲಸದ ವಿವರ ಇದೆ.

ಇಷ್ಟಾದ ಮೇಲೆ ಪ್ರತಿ ಹೊಲಕ್ಕೂ ವರ್ಷಕ್ಕೆ ಎಷ್ಟು ಹಣ ಎಂದು ಗೊತ್ತುಮಾಡಿದರು. ಮಧ್ಯವರ್ತಿ ಇಲ್ಲದೆ ಸರ್ಕಾರ ನೇರವಾಗಿ ರೈತನಿಂದ ಕಂದಾಯ ಪಡೆಯುವ ಈ ಏರ್ಪಾಡಿಗೇ "ರೈತವಾರಿ ಪದ್ಧತಿ" ಎಂದು ಹೆಸರು. ಪರೀಕ್ಷೆಗೆ ನೀವು ಇಷ್ಟನ್ನು ಓದಿರುತ್ತೀರಿ. ನಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳೋಣ: ಆ ದರ ಸರಿಯಾಗಿತ್ತೇ?

ನೂರರಲ್ಲಿ ನಲವತ್ತೈದು

ಸರಿಯಾಗಿರಲಿಲ್ಲ. ಹಾಗೆಂದು ಹೇಳಿದವನು ಮನ್ರೋನೇ. 1807ರ ಆಗಸ್ಟಿನಲ್ಲಿ, ರಜೆಯ ಮೇಲೆ ಊರಿಗೆ ಹೊರಡುವ ಮೊದಲು, ಅವನು ಮದರಾಸಿಗೆ ಒಂದು ವರದಿ ಬರೆದ. ಹೊಲದ ಒಟ್ಟು ಬೆಳೆ 100 ಎಂದಿಟ್ಟುಕೊಂಡರೆ ಅದರಲ್ಲಿ ಸರ್ಕಾರಕ್ಕೆ ಸುಮಾರು 45 ಹೋಗುತ್ತಿದೆ. ಇದು ಹೆಚ್ಚಾಯಿತು, ಇದರಲ್ಲಿ ಕಾಲುಭಾಗ ಇಳಿಸಬೇಕು, ಆಗ ಸರ್ಕಾರದ ಪಾಲು ಸುಮಾರು 34ಕ್ಕೆ, ಎಂದರೆ ಮೂರನೇ ಒಂದು ಭಾಗಕ್ಕೆ ಬರುತ್ತದೆ ಎಂದು ವಾದಿಸಿದ. ಕೆರೆ, ಬಾವಿಗಳ ನೀರು ಉಣ್ಣುವ ಭೂಮಿಗೆ ಇನ್ನೂ ಸ್ವಲ್ಪ ಹೆಚ್ಚು ಇಳಿಕೆ ಬೇಕು ಎಂದ.

ಹಾಗೆಂದು ಮನ್ರೋನನ್ನು ದೇವರ ಪಟದ ಪಕ್ಕದಲ್ಲಿ ಕೂರಿಸುವುದು ಬೇಡ. ಏಳು ವರ್ಷಗಳಲ್ಲಿ ಈ ಸೀಮೆಯ ಕಂದಾಯವನ್ನು ಸುಮಾರು ಒಂದೂವರೆ ಪಟ್ಟು ಮಾಡಿದವನೂ ಅವನೇ. ಆದರೆ ಊರೂರು ತಿರುಗಿ, ಡೇರೆಯಲ್ಲಿ ಕುಳಿತು, ರೈತರ ಮಾತು ಕೇಳಿದವನಾದ್ದರಿಂದ ಅವನಿಗೆ ಒಂದು ವಿಷಯ ಮನದಟ್ಟಾಗಿತ್ತು. ರೈತನ ಬಳಿ ಏನಾದರೂ ಉಳಿದರೆ ಮಾತ್ರ ಕೆಟ್ಟ ವರ್ಷದಲ್ಲಿ ಅವನು ನಿಲ್ಲುತ್ತಾನೆ. ಅವನು ನಿಂತರೆ ಮಾತ್ರ ಮುಂದಿನ ವರ್ಷ ಕಂದಾಯ ಬರುತ್ತದೆ.

ಮದರಾಸಿನ ಮೇಲಧಿಕಾರಿಗಳಿಗೆ ಆಗ ಹಣದ ಅಡಚಣೆ. ಇಳಿಕೆಯ ಸಲಹೆ ಅಲ್ಲಿಗೇ ನಿಂತಿತು.

ಊರಿಗೆ ಊರೇ ಗುತ್ತಿಗೆ

1808ರಲ್ಲಿ ದತ್ತ ಮಂಡಲವನ್ನು ಬಳ್ಳಾರಿ ಮತ್ತು ಕಡಪ ಎಂಬ ಎರಡು ಜಿಲ್ಲೆಗಳಾಗಿ ಮಾಡಿದರು. ಅದೇ ಹೊತ್ತಿಗೆ ಮೇಲಿನವರಿಗೆ ಹೊಸ ಯೋಚನೆಯೊಂದು ಬಂತು. ಸಾವಿರಾರು ರೈತರ ಜೊತೆ ವರ್ಷವರ್ಷ ಲೆಕ್ಕ ಮಾಡುವ ತಲೆನೋವೇಕೆ? ಒಂದೊಂದು ಊರನ್ನೇ ಒಬ್ಬೊಬ್ಬನಿಗೆ ಗುತ್ತಿಗೆ ಕೊಟ್ಟುಬಿಡೋಣ. ಅವನು ವರ್ಷಕ್ಕೆ ಗೊತ್ತಾದ ಹಣವನ್ನು ಸರ್ಕಾರಕ್ಕೆ ಕಟ್ಟಲಿ, ರೈತರಿಂದ ಅವನೇ ವಸೂಲು ಮಾಡಿಕೊಳ್ಳಲಿ. ಉಳಿದರೆ ಅವನಿಗೆ ಲಾಭ, ಕಡಿಮೆ ಬಿದ್ದರೆ ಅವನಿಗೆ ನಷ್ಟ. 1808-09ರಿಂದ, ಅಂದಿನ ಲೆಕ್ಕದಲ್ಲಿ ಫಸಲಿ 1218ರಿಂದ, ಮೂರು ವರ್ಷಗಳ ಗುತ್ತಿಗೆ ಶುರುವಾಯಿತು.

ನೀವೇ ಆ ಊರಿನ ಗೌಡರೆಂದು ಒಂದು ಕ್ಷಣ ಭಾವಿಸಿ. ಕಚೇರಿಯಲ್ಲಿ ಕುಳಿತಿದ್ದೀರಿ. ಗುತ್ತಿಗೆಯ ಮೊತ್ತವನ್ನು ಕಳೆದ ವರ್ಷಗಳ ವಸೂಲಿಯ ಆಧಾರದ ಮೇಲೆ ಗೊತ್ತುಮಾಡಿದ್ದಾರೆ. ಅದು ಮನ್ರೋ ಹೆಚ್ಚೆಂದು ಹೇಳಿದ ಆ ಹಳೆಯ ದರದ ವಸೂಲಿಯೇ. ಮೊತ್ತ ಭಾರವೆಂದು ನಿಮಗೆ ಗೊತ್ತು. ಆದರೆ ನೀವು ಬೇಡವೆಂದರೆ ಬೇರೊಬ್ಬ ಬಂದು ನಿಮ್ಮ ಊರನ್ನು ಹಿಡಿಯಬಹುದು. ತಲೆಮಾರಿನಿಂದ ಗೌಡಿಕೆ ಮಾಡಿದ ಊರಿನಲ್ಲಿ ಪರಸ್ಥಳದವನ ಮುಂದೆ ಕೈಕಟ್ಟಿ ನಿಲ್ಲಬೇಕೇ? "ಈ ಸಲ ಮಳೆ ಚೆನ್ನಾಗಿ ಆದರೆ ಸಾಕು" ಎಂದುಕೊಂಡು ಒಪ್ಪಿಬಿಡುತ್ತೀರಿ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ!

ಆದದ್ದೇನು? ಮಳೆ ಎಲ್ಲ ವರ್ಷವೂ ಒಂದೇ ತೆರನಾಗಿ ಬರಲಿಲ್ಲ. ಮೊತ್ತ ಮಾತ್ರ ಒಂದೇ ತೆರನಾಗಿತ್ತು. ಗುತ್ತಿಗೆದಾರರು ಬಾಕಿ ಬಿದ್ದರು. ಕೆಲವರು ರೈತರನ್ನು ಹಿಂಡಿದರು. ರೈತರು ಎತ್ತು ಹೊಡೆದುಕೊಂಡು ಪಕ್ಕದ ಸೀಮೆಗೆ ಹೋದರು. ರೈತರು ಹೋದ ಮೇಲೆ ಹೊಲ ಬೀಳುಬಿತ್ತು, ಗುತ್ತಿಗೆದಾರನಿಗೆ ಬರುವುದು ಇನ್ನೂ ಕಡಿಮೆಯಾಯಿತು. ಎಷ್ಟೋ ಗುತ್ತಿಗೆದಾರರು ಮನೆಮಾರು ಕಳೆದುಕೊಂಡರು. ಬಾಕಿಗಾಗಿ ಸೆರೆಮನೆ ಸೇರಿದವರೂ ಇದ್ದರು. ಇಷ್ಟಾದರೂ ಪಾಠ ಕಲಿಯದೆ, 1812ರ ಹೊತ್ತಿಗೆ ಹತ್ತು ವರ್ಷಗಳ ಗುತ್ತಿಗೆ ತಂದರು. ಅವಧಿ ಮುಗಿಯುವ ಮೊದಲೇ ಹಲವು ಊರುಗಳು ಸರ್ಕಾರದ ಕೈಗೆ ಮರಳಿದವು.

ಸ್ಲೇಟು, ಬಳಪ ತೆಗೆದುಕೊಳ್ಳಿ

ಇಷ್ಟೊಂದು ಜನ ಹೀಗೆ ಒಟ್ಟಿಗೆ ಮೋಸಹೋಗಲು ಕಾರಣವೇನು? ಅವರಿಗೆ ಲೆಕ್ಕ ಬರುತ್ತಿರಲಿಲ್ಲವೇ? ಬರುತ್ತಿತ್ತು. ಆದರೆ ಯಾವ ಲೆಕ್ಕ ಮಾಡಬೇಕು ಎಂಬುದೇ ಪ್ರಶ್ನೆ. ನಾವೇ ಮಾಡಿ ನೋಡೋಣ. ಇದು ತಿಳಿವಳಿಕೆಗಾಗಿ ಕಟ್ಟಿಕೊಂಡ ಲೆಕ್ಕ, ಯಾವುದೇ ಒಂದು ಊರಿನದಲ್ಲ.

ಒಂದು ಹೊಲದ ಬೆಳೆ ಒಳ್ಳೆಯ ವರ್ಷದಲ್ಲಿ 100 ಎಂದಿಟ್ಟುಕೊಳ್ಳಿ. ರೈತನ ಮನೆಯ ಊಟ, ಬೀಜ, ಎತ್ತಿನ ಮೇವು ಎಲ್ಲ ಸೇರಿ ವರ್ಷಕ್ಕೆ 35 ಬೇಕು. ಗುತ್ತಿಗೆ 45. ಒಳ್ಳೆಯ ವರ್ಷವನ್ನೇ ನೋಡಿದರೆ 100ರಲ್ಲಿ 35 ಕಳೆದು 65 ಉಳಿಯುತ್ತದೆ. 45 ಕೊಟ್ಟರೂ 20 ಕೈಯಲ್ಲಿ ಇರುತ್ತದೆ. ಬಹಳ ಒಳ್ಳೆಯ ವ್ಯವಹಾರ ಎನ್ನಿಸುತ್ತದೆ.

ಈಗ ಐದು ವರ್ಷ ನೋಡಿ. ಬೆಳೆ ಕ್ರಮವಾಗಿ 100, 40, 90, 120, 20 ಬಂತು. ಒಟ್ಟು 370, ಸರಾಸರಿ 74. ಸರಾಸರಿಯಿಂದ ಮನೆಯ ಖರ್ಚು 35 ಕಳೆದರೆ 39. ಗುತ್ತಿಗೆ 45! ಒಳ್ಳೆಯ ವರ್ಷ ನೋಡಿ ಹಿಡಿದವನು ಐದು ವರ್ಷಗಳ ಕೊನೆಗೆ 30 ಸಾಲಗಾರನಾಗಿರುತ್ತಾನೆ. ಇದು ಮೊದಲ ಪಾಠ: ಒಳ್ಳೆಯ ವರ್ಷವನ್ನು ನೋಡಿ ಬೆಲೆ ಕಟ್ಟಬಾರದು.

ಹಾಗಾದರೆ ಗುತ್ತಿಗೆಯನ್ನು ಮನ್ರೋ ಹೇಳಿದಂತೆ 34ಕ್ಕೆ ಇಳಿಸೋಣ. 39ಕ್ಕಿಂತ ಕಡಿಮೆ, ಆದ್ದರಿಂದ ಸರಾಸರಿಯಲ್ಲಿ ನಿಭಾಯಿಸುತ್ತದೆ. ಐದು ವರ್ಷಗಳ ಕೊನೆಗೆ 25 ಉಳಿಯುತ್ತದೆ. ಸರಿ, ಇನ್ನು ಚಿಂತೆಯಿಲ್ಲ ಎನ್ನುವಿರಾ? ತಡೆಯಿರಿ. ಅದೇ ಐದು ವರ್ಷಗಳನ್ನು ಹಿಂದುಮುಂದು ಮಾಡೋಣ. ಮೊದಲ ವರ್ಷವೇ 20, ಎರಡನೆಯದು 40, ಆಮೇಲೆ 100, 90, 120. ಒಟ್ಟು ಅದೇ, ಸರಾಸರಿ ಅದೇ. ಆದರೆ ಮೊದಲ ವರ್ಷ 49 ಸಾಲ, ಎರಡನೆಯ ವರ್ಷ ಮತ್ತೆ 29. ಸಾಹುಕಾರ ನೂರಕ್ಕೆ ತಿಂಗಳಿಗೆ ಎರಡರಂತೆ, ಎಂದರೆ ವರ್ಷಕ್ಕೆ 24ರಂತೆ ಬಡ್ಡಿ ಹಾಕಿದ ಎನ್ನಿ. ಮುಂದಿನ ಮೂರು ಒಳ್ಳೆಯ ವರ್ಷಗಳಲ್ಲಿ ಉಳಿದದ್ದನ್ನೆಲ್ಲ ಸಾಲಕ್ಕೆ ಕಟ್ಟಿದರೂ ಕೊನೆಗೆ ಸುಮಾರು 46 ಸಾಲ ಹಾಗೆಯೇ ನಿಲ್ಲುತ್ತದೆ. 25 ಉಳಿತಾಯ ಎಲ್ಲಿ, 46 ಸಾಲ ಎಲ್ಲಿ! ಇದು ಎರಡನೆಯ ಪಾಠ: ಸರಾಸರಿಯೊಂದನ್ನೇ ನಂಬಬಾರದು. ಕೆಟ್ಟ ವರ್ಷ ಮೊದಲೇ ಬಂದರೆ ತಾಳಿಕೊಳ್ಳುವ ಶಕ್ತಿ ಇದೆಯೇ ಎಂದು ಕೇಳಿಕೊಳ್ಳಬೇಕು.

ಇನ್ನೊಂದು ದಾರಿ ಇದೆ. ಗೊತ್ತಾದ ಮೊತ್ತ ಬೇಡ, ಬಂದ ಬೆಳೆಯಲ್ಲಿ ನೂರಕ್ಕೆ 45 ಪಾಲು ಎನ್ನೋಣ. ಅದೇ ಕೆಟ್ಟ ಕ್ರಮ: 20, 40, 100, 90, 120. ಮೊದಲ ವರ್ಷ ಒಡೆಯನಿಗೆ 9 ಮಾತ್ರ, ರೈತನ ಸಾಲ 24. ಎರಡನೆಯ ವರ್ಷ ಒಡೆಯನಿಗೆ 18, ರೈತನಿಗೆ ಮತ್ತೆ 13 ಸಾಲ. ಅದೇ ಬಡ್ಡಿ ಕಟ್ಟಿಕೊಂಡು ಬಂದರೆ ಐದನೆಯ ವರ್ಷದ ಕೊನೆಗೆ ರೈತನ ಸಾಲ ಬರೀ 2. ಹೆಚ್ಚುಕಡಿಮೆ ತೀರಿದಂತೆಯೇ.

ಈಗ ಒಡೆಯನಿಗೆ ಬಂದದ್ದನ್ನು ಕೂಡಿಸಿ. ಗೊತ್ತಾದ ಮೊತ್ತ 34ರಂತೆ ಐದು ವರ್ಷಕ್ಕೆ 170. ಪಾಲಿನಲ್ಲಿ 166 ಮತ್ತು ಅರ್ಧ. ಒಡೆಯನಿಗೆ ಬಿದ್ದ ವ್ಯತ್ಯಾಸ ಮೂರೂವರೆ. ರೈತನಿಗೆ ಬಿದ್ದ ವ್ಯತ್ಯಾಸ 44. ಇಡೀ ಪಾಠದ ತಿರುಳು ಇದೇ: ಗುತ್ತಿಗೆಯಲ್ಲಿ "ಎಷ್ಟು?" ಎಂಬ ಪ್ರಶ್ನೆಗಿಂತ ದೊಡ್ಡದು "ಕೆಟ್ಟ ವರ್ಷ ಯಾರ ತಲೆಯ ಮೇಲೆ?" ಎಂಬ ಪ್ರಶ್ನೆ.

ಪಾಲಿನ ಪದ್ಧತಿಯಲ್ಲಿ ತೊಡಕುಗಳಿಲ್ಲವೇ? ಇವೆ. ರಾಶಿಯ ಹೊತ್ತಿಗೆ ಕಣದಲ್ಲಿ ಕಾವಲು ಬೇಕು, ಅಳೆಯುವವನ ಕೈ ಶುದ್ಧವಾಗಿರಬೇಕು, ಹೆಚ್ಚು ದುಡಿದು ಬೆಳೆದರೆ ಹೆಚ್ಚು ಪಾಲು ಕೊಡಬೇಕು. ಆದ್ದರಿಂದಲೇ ಸರ್ಕಾರಗಳು ಗೊತ್ತಾದ ಹಣವನ್ನು ಬಯಸಿದವು. ತಪ್ಪು ಅದರಲ್ಲಿ ಇರಲಿಲ್ಲ. ಕೆಟ್ಟ ವರ್ಷಕ್ಕೆ ಎಡೆ ಇಡದೆ ಹಣವನ್ನು ಗೊತ್ತುಮಾಡಿದ್ದೇ ತಪ್ಪು.

ದರಖಾಸ್ತು ಮತ್ತು ರಾಜೀನಾಮೆ

ಊರು ಗುತ್ತಿಗೆ ಸೋತ ಮೇಲೆ ರೈತವಾರಿ ಮರಳಿ ಬಂತು. 1820ರಲ್ಲಿ ಮನ್ರೋನೇ ಮದರಾಸಿನ ಗವರ್ನರಾಗಿ ಬಂದ. 1807ರಲ್ಲಿ ಅವನು ಕೇಳಿದ್ದ ಇಳಿಕೆ ಆ ದಶಕದಲ್ಲಿ ಜಾರಿಗೆ ಬಂತು. ಹದಿಮೂರು ವರ್ಷಕ್ಕೂ ಹೆಚ್ಚು ಕಾಲ ತಡವಾಗಿ. ಆ ನಡುವೆ ಹಾಳಾದ ಮನೆಗಳಿಗೆ ಅದು ತಲುಪಲಿಲ್ಲ.

ಈ ಪದ್ಧತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತಿತ್ತು. ಹೊಸ ಹೊಲ ಬೇಕಾದ ರೈತ ದರಖಾಸ್ತು ಕೊಡುತ್ತಿದ್ದ. ಹೊಲ ಬೇಡವಾದರೆ ಬರೆದುಕೊಟ್ಟು ಬಿಡಬಹುದಿತ್ತು. ಹಾಗೆ ಬರೆದುಕೊಡುವ ಕಾಗದಕ್ಕೆ ಏನೆಂದು ಹೆಸರು ಗೊತ್ತೇ? ರಾಜೀನಾಮೆ! ಇಂದು ಮಂತ್ರಿಗಳು ಕೊಡುವ ರಾಜೀನಾಮೆಯನ್ನು ಅಂದು ಹೊಲದ ರೈತ ಕೊಡುತ್ತಿದ್ದ. ಬೆಳೆ ಪೂರ್ತಿ ಕೆಟ್ಟ ವರ್ಷದಲ್ಲಿ ಕಂದಾಯದ ಮಾಫಿಯನ್ನು ಕೇಳಲೂ ಅವಕಾಶವಿತ್ತು. ಕಾಗದದ ಮೇಲಿದ್ದ ಈ ಅವಕಾಶಗಳು ಎಲ್ಲ ರೈತರಿಗೂ ಸುಲಭವಾಗಿ ದಕ್ಕಿದವೆಂದಲ್ಲ. ಆದರೂ ಅದರ ಹಿಂದಿನ ತತ್ವವನ್ನು ಗಮನಿಸಿ. ಒಳಗೆ ಬರುವ ಬಾಗಿಲು ಇದ್ದಂತೆ ಹೊರಗೆ ಹೋಗುವ ಬಾಗಿಲೂ ಇರಬೇಕು. ಮೂರು ವರ್ಷ, ಹತ್ತು ವರ್ಷಗಳ ಗುತ್ತಿಗೆಯಲ್ಲಿ ಇಲ್ಲದಿದ್ದದ್ದು ಈ ಎರಡನೆಯ ಬಾಗಿಲು.

1827ರ ಜುಲೈನಲ್ಲಿ, ಇದೇ ಸೀಮೆಯಲ್ಲಿ ಪ್ರವಾಸ ಮಾಡುತ್ತಿದ್ದಾಗ, ಪತ್ತಿಕೊಂಡ ಎಂಬಲ್ಲಿ ಮನ್ರೋ ಕಾಲರಾ ತಗುಲಿ ತೀರಿಕೊಂಡ.

ಅತ್ತ ಮುಂಬಯಿ ಪ್ರಾಂತ್ಯದಲ್ಲಿ ಇದೇ ಪ್ರಶ್ನೆಗೆ ಪುಸ್ತಕದಿಂದ ಉತ್ತರ ಹುಡುಕಿದರು. 1817ರಲ್ಲಿ ಡೇವಿಡ್ ರಿಕಾರ್ಡೊ ಎಂಬ ಅರ್ಥಶಾಸ್ತ್ರಜ್ಞ ಗೇಣಿಯ ಬಗ್ಗೆ ತನ್ನ ಸಿದ್ಧಾಂತವನ್ನು ಪ್ರಕಟಿಸಿದ್ದ. ಒಳ್ಳೆಯ ಭೂಮಿಗೂ ಕಳಪೆ ಭೂಮಿಗೂ ಇರುವ ಇಳುವರಿಯ ಅಂತರದಿಂದ ಗೇಣಿ ಹುಟ್ಟುತ್ತದೆ ಎಂಬುದು ಅದರ ಸಾರ. 1820ರ ದಶಕದ ಕೊನೆಯಲ್ಲಿ ಪ್ರಿಂಗಲ್ ಎಂಬ ಅಧಿಕಾರಿ ಪುಣೆಯ ಕಡೆ ಈ ಸಿದ್ಧಾಂತದಂತೆ ಹೊಲಹೊಲದ ನಿವ್ವಳ ಆದಾಯ ಲೆಕ್ಕಹಾಕಿ, ಅದರಲ್ಲಿ ನೂರಕ್ಕೆ 55ರಂತೆ ಕಂದಾಯ ಕಟ್ಟಿದ. ಕಾಗದದ ಮೇಲೆ ಲೆಕ್ಕ ಬಹಳ ಸೂಕ್ಷ್ಮವಾಗಿತ್ತು. ನೆಲದ ಮೇಲೆ ಅದು ನಿಲ್ಲಲಿಲ್ಲ. ದರ ಭಾರವಾಯಿತು, ರೈತರು ಹೊಲ ಬಿಟ್ಟರು. 1835ರಿಂದ ಬೇರೆ ಅಧಿಕಾರಿಗಳು ದರ ಇಳಿಸಿ ಮೂವತ್ತು ವರ್ಷಗಳ ಹೊಸ ಏರ್ಪಾಡು ಮಾಡಬೇಕಾಯಿತು. ಸೂತ್ರ ಎಷ್ಟೇ ಅಂದವಾಗಿದ್ದರೂ, ಅದಕ್ಕೆ ತುಂಬುವ ಅಂಕಿಗಳು ತಪ್ಪಾಗಿದ್ದರೆ ಉತ್ತರವೂ ತಪ್ಪೇ.

ಮಳೆಯ ಜೊತೆಗೆ ಪೇಟೆ

ಇಲ್ಲಿಯವರೆಗೆ ಮಳೆಯ ಮಾತಾಯಿತು. ಮುಂದೆ ಇನ್ನೊಂದು ಅನಿಶ್ಚಿತತೆ ಸೇರಿಕೊಂಡಿತು, ಪೇಟೆಯ ಧಾರಣೆ. ಬಳ್ಳಾರಿಯ ಎರೆ ಹತ್ತಿಗೆ ಹೆಸರಾದ ನೆಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಾಗ, ಭಾರತದ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಹತ್ತಿ ಬೆಳೆಯುವ ಹೊಲಕ್ಕೂ ಬೆಲೆ ಏರಿತು. 1865ರಲ್ಲಿ ಯುದ್ಧ ಮುಗಿಯಿತು, ಧಾರಣೆ ಕುಸಿಯಿತು. ಏರಿದ ಬೆಲೆಯನ್ನು ಶಾಶ್ವತವೆಂದು ನಂಬಿ ಸಾಲ ಮಾಡಿದವರ ಕೈಯಲ್ಲಿ ಉಳಿದದ್ದು ಸಾಲಪತ್ರ. ಏಳು ಸಮುದ್ರದಾಚೆ ನಡೆದ ಯುದ್ಧವೊಂದು ಬಳ್ಳಾರಿಯ ಹೊಲದ ಲೆಕ್ಕವನ್ನು ಏರಿಸಿ ಇಳಿಸಿತು ನೋಡಿ.

ಅದಾದ ಹನ್ನೊಂದೇ ವರ್ಷಗಳಲ್ಲಿ ದೊಡ್ಡ ಬರ ಬಂತು. ನಮ್ಮ ಹಿರಿಯರು "ಧಾತು ಈಶ್ವರದ ಬರ" ಎನ್ನುವ 1876-78ರ ಬರ. ಮದರಾಸು ಪ್ರಾಂತ್ಯದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1871 ಮತ್ತು 1881ರ ಜನಗಣತಿಗಳನ್ನು ಹೋಲಿಸಿದರೆ ಬಳ್ಳಾರಿ ಸೀಮೆಯ ಜನಸಂಖ್ಯೆ ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆಯಾಗಿತ್ತು. ಹತ್ತು ವರ್ಷಗಳಲ್ಲಿ ಏರಬೇಕಾದದ್ದು ಇಳಿಯಿತು. ಸರಾಸರಿ ಮಳೆಯ ಲೆಕ್ಕದಲ್ಲಿ ಇಂಥ ವರ್ಷಗಳು ಒಂದು ಸಣ್ಣ ಅಂಕಿಯಾಗಿ ಕರಗಿಹೋಗುತ್ತವೆ. ಬದುಕಿದವರ ನೆನಪಿನಲ್ಲಿ ಕರಗುವುದಿಲ್ಲ.

ನಮ್ಮ ಕಾಲದ ಲೆಕ್ಕ

1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಹರಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಸಿರುಗುಪ್ಪದ ಕಡೆ ಭತ್ತದ ಗದ್ದೆಗಳು ಎದ್ದವು. ಮಳೆಯೊಂದನ್ನೇ ನಂಬಬೇಕಾದ ಸ್ಥಿತಿ ಅಲ್ಲಿ ಹೋಯಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಲು ಹೊರಟಿತು. ಕೆಟ್ಟ ವರ್ಷ ಯಾರ ತಲೆಯ ಮೇಲೆ ಎಂಬ ಹಳೆಯ ಪ್ರಶ್ನೆಗೆ ಅಣೆಕಟ್ಟು ಒಂದು ಉತ್ತರ, ಕಾನೂನು ಇನ್ನೊಂದು ಉತ್ತರ.

ಪ್ರಶ್ನೆ ಮಾತ್ರ ಮುಗಿಯಲಿಲ್ಲ, ವೇಷ ಬದಲಿಸಿತು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಬಳ್ಳಾರಿಯ ಕಬ್ಬಿಣದ ಅದಿರಿಗೆ ಚಿನ್ನದ ಬೆಲೆ ಬಂತು. ಬಾಡಿಗೆಗೆ ಓಡಿಸಲೆಂದು ಸಾಲ ಮಾಡಿ ಲಾರಿ ಕೊಂಡವರು ಎಷ್ಟೋ ಮಂದಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಲು ಆದೇಶಿಸಿತು. ಅಕ್ರಮ ತಡೆಯಲು ಆ ಆದೇಶ ಬೇಕಿತ್ತು. ಆದರೆ ಲಾರಿ ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಫಸಲಿ 1218ರ ಗುತ್ತಿಗೆದಾರನಿಗೆ ಈ ಸಂಕಟ ಚೆನ್ನಾಗಿ ಅರ್ಥವಾಗುತ್ತಿತ್ತು.

ನಾಳೆ ನೀವು ದೊಡ್ಡವರಾಗಿ, ದುಡಿದು, ಒಂದು ಮನೆಯನ್ನೋ ಮಳಿಗೆಯನ್ನೋ ಬಾಡಿಗೆಗೆ ಕೊಡಲೆಂದು ಕೊಳ್ಳಬಹುದು. ಮಾರುವವನು "ತಿಂಗಳಿಗೆ ಇಷ್ಟು ಬಾಡಿಗೆ, ವರ್ಷಕ್ಕೆ ಹನ್ನೆರಡು ಪಟ್ಟು" ಎಂದು ಲೆಕ್ಕ ಒಪ್ಪಿಸುತ್ತಾನೆ. ಅದು ಒಳ್ಳೆಯ ವರ್ಷದ ಲೆಕ್ಕ. ನೀವು ಸಂಗನಕಲ್ಲಿನ ಗುಡ್ಡವನ್ನು ನೆನೆದು ನಾಲ್ಕು ಪ್ರಶ್ನೆ ಕೇಳಿ. ಮನೆ ಕೆಲವು ತಿಂಗಳು ಖಾಲಿ ಬಿದ್ದರೆ, ದುರಸ್ತಿ, ಕಂದಾಯ, ಕಂತು ಎಲ್ಲ ಕಳೆದು ಏನು ಉಳಿಯುತ್ತದೆ? ಕೆಟ್ಟ ವರ್ಷ ಮೊದಲನೆಯದಾಗಿಯೇ ಬಂದರೆ ತಾಳಲು ಕೈಯಲ್ಲಿ ಏನಿದೆ? ಈ ಬಾಡಿಗೆ ಯಾವ ಒಂದು ಕಸುಬನ್ನು, ಯಾವ ಒಂದು ಗಣಿಯನ್ನು, ಯಾವ ಒಂದು ಕಾರ್ಖಾನೆಯನ್ನು ನಂಬಿಕೊಂಡಿದೆ? ಬೇಡವೆನಿಸಿದಾಗ ರಾಜೀನಾಮೆ ಕೊಟ್ಟು ಹೊರಬರಲು ಬಾಗಿಲು ಇದೆಯೇ?

ಇದರ ಜೊತೆಗೆ ಐದನೆಯದೊಂದು ಪ್ರಶ್ನೆಯೂ ಇರಲಿ. ನಿಮ್ಮ ಮನೆಯಲ್ಲಿ ಬಾಡಿಗೆಗೆ ಇರುವವರಿಗೂ ಕೆಟ್ಟ ವರ್ಷ ಬರುತ್ತದೆ. ಒಡೆಯನಿಗೆ ಮೂರೂವರೆ, ರೈತನಿಗೆ 44 ಎಂಬ ಆ ಲೆಕ್ಕವನ್ನು ಆಗ ಜ್ಞಾಪಿಸಿಕೊಳ್ಳಿ. ಎರಡು ತಿಂಗಳು ಕಾದರೆ ನಿಮಗೆ ಆಗುವ ನಷ್ಟ ಸಣ್ಣದು, ಅವರಿಗೆ ಉಳಿಯುವುದು ಮನೆ. ಗುತ್ತಿಗೆದಾರ ಹಿಂಡಿದಾಗ ರೈತ ಊರು ಬಿಟ್ಟ, ಆಮೇಲೆ ಹಾಳಾದವನು ಗುತ್ತಿಗೆದಾರನೇ ಎಂಬುದನ್ನು ಮರೆಯಬೇಡಿ.

ಹುರುಳಿ ಬಿತ್ತಿದ ಆ ಹಳೆಯ ಜನಕ್ಕೆ ಅಕ್ಷರ ಗೊತ್ತಿರಲಿಲ್ಲ, ಅಂಕಿ ಬರೆಯಲು ಬರುತ್ತಿರಲಿಲ್ಲ. ಆದರೂ ಮಳೆ ಬಾರದ ವರ್ಷವನ್ನು ಮೊದಲು ಲೆಕ್ಕಕ್ಕೆ ಹಿಡಿದು, ಆಮೇಲೆ ಬೀಜ ಆರಿಸಿದರು.

ನೀವೇ ಮಾಡಿ ನೋಡಿ

1. ನಿಮ್ಮ ಊರಿನ ಹಿರಿಯ ರೈತರೊಬ್ಬರನ್ನು ಕಂಡು, ಕಳೆದ ಹತ್ತು ವರ್ಷಗಳಲ್ಲಿ ಒಂದು ಹೊಲದ ಬೆಳೆ ಹೇಗೆ ಬಂತೆಂದು ಕೇಳಿ ಬರೆದುಕೊಳ್ಳಿ. ಸರಾಸರಿ ತೆಗೆಯಿರಿ. ಎಷ್ಟು ವರ್ಷ ಬೆಳೆ ಸರಾಸರಿಗಿಂತ ಕಡಿಮೆ ಬಂದಿತ್ತು?

2. ಮೇಲಿನ ಲೆಕ್ಕದಲ್ಲಿ ಬಡ್ಡಿಯನ್ನು ವರ್ಷಕ್ಕೆ ನೂರಕ್ಕೆ 24ರ ಬದಲು 12 ಎಂದು ಇಟ್ಟುಕೊಂಡು, ಗುತ್ತಿಗೆ 34ರಂತೆ ಕೆಟ್ಟ ಕ್ರಮದ ಐದು ವರ್ಷಗಳನ್ನು ಮತ್ತೆ ಲೆಕ್ಕ ಹಾಕಿ. ಅಗ್ಗದ ಸಾಲ ರೈತನನ್ನು ಉಳಿಸುತ್ತದೆಯೇ?

3. ಜಮಾಬಂದಿ, ದರಖಾಸ್ತು, ರಾಜೀನಾಮೆ, ಫಸಲಿ: ಈ ಪದಗಳು ಇಂದು ಎಲ್ಲೆಲ್ಲಿ ಬಳಕೆಯಲ್ಲಿವೆ, ಅವುಗಳ ಅರ್ಥ ಹೇಗೆ ಬದಲಾಗಿದೆ ಎಂದು ಮನೆಯವರನ್ನೂ ಗುರುಗಳನ್ನೂ ಕೇಳಿ ತಿಳಿಯಿರಿ.